ಮೊದಲು ಬಂದದ್ದು ಒಂದು

ಬಾಗಿಲು ತೆರೆಯುವ ಮೊದಲು ಅವರು ಬಾಗಿಲಿಗೆ ಕಿವಿ ಕೊಡುತ್ತಿದ್ದರು. ಒಳಗೆ ಮನುಷ್ಯರು ಯಾರೂ ಇರುತ್ತಿರಲಿಲ್ಲ. ಒಂದು ಯಂತ್ರ, ಎರಡು ಸ್ಟೂಲು, ಗೋಡೆಗೆ ಸರಪಳಿ ಬಿಗಿದು ನಿಲ್ಲಿಸಿದ ಸಿಲಿಂಡರುಗಳು, ಅಷ್ಟೇ. ಆದರೂ ಸುಯ್ಯೆನ್ನುವ ಸದ್ದೇನಾದರೂ ಬರುತ್ತಿದೆಯೇ ಎಂದು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಆಮೇಲೆ ಬಾಗಿಲನ್ನು ಒಂದು ಗೇಣು ಮಾತ್ರ ತೆಗೆಯುತ್ತಿದ್ದರು. ಜೇಬಿನಿಂದ ಗ್ಯಾಸ್ ಮೀಟರು ತೆಗೆದು, ಅದಕ್ಕೆ ತಾವೇ ಕಟ್ಟಿಕೊಂಡಿದ್ದ ದಾರ ಹಿಡಿದು, ಬಾವಿಗೆ ಚೆಂಬು ಇಳಿಬಿಟ್ಟ ಹಾಗೆ ನೆಲದವರೆಗೆ ಇಳಿಬಿಡುತ್ತಿದ್ದರು. ಮೀಟರು ಕೂಗದಿದ್ದರೆ ನನ್ನ ಕಡೆ ತಿರುಗಿ "ಬನ್ನಿ ಅಕ್ಕ" ಎನ್ನುತ್ತಿದ್ದರು. ದಿನಕ್ಕೆ ಎಂಟು ಸಲ ಒಳಗೆ ಹೋದರೆ ಎಂಟು ಸಲವೂ ಇದೇ ಕ್ರಮ.

ಹೋದ ತಿಂಗಳು ಅವರು ತೀರಿಕೊಂಡರು. ಎದೆನೋವು ಎಂದು ಕೂತವರು ಏಳಲಿಲ್ಲವಂತೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರನ್ನು ಕಾಗದದ ಮೇಲೆ ಕಂಡರೆ ಅವರಿಗೆ ಹೆದರಿಕೆಯಾಗುತ್ತಿತ್ತು. ಸಹಿ ಮಾಡುವ ಮುಂಚೆ ಪೆನ್ನನ್ನು ಕಾಗದದ ಮೇಲೆ ಎತ್ತಿ ಹಿಡಿದುಕೊಂಡು, ಬರೆದದ್ದನ್ನೆಲ್ಲ ಇನ್ನೊಂದು ಸಲ ಓದುತ್ತಿದ್ದರು. ನಾವು 'ಸರ್' ಎನ್ನುತ್ತಿದ್ದೆವು. ನಾನೂ ಹಾಗೆಯೇ ಬರೆಯುತ್ತೇನೆ.

ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಹೊಸ ಔಷಧಿಗಳ ಮೇಲೆ ಕೆಲಸ ಮಾಡುವ ಒಂದು ಲ್ಯಾಬಿಗೆ ನಾನು ಗಾಜಿನ ಸಾಮಾನು ತೊಳೆಯಲು ಸೇರಿದವಳು. ಕಾಂಟ್ರಾಕ್ಟು ಕೆಲಸ. ಪಿಯುಸಿಯಲ್ಲಿ ಸೈನ್ಸ್ ಓದಿ, ಮದುವೆಯಾಗಿ, ಇಪ್ಪತ್ತು ವರ್ಷ ಮನೆಯಲ್ಲಿದ್ದು ಹೋದವಳಿಗೆ ಅದೇ ಹೆಚ್ಚು. ಆ ವರ್ಷ ರೇಷ್ಮೆಗೂಡಿಗೆ ಬಂದ ಬೆಲೆಯಿಂದ ನನ್ನ ಕೆಲಸ ಬದಲಾಯಿತು. ಅದಕ್ಕೂ ಇದಕ್ಕೂ ಏನು ಸಂಬಂಧ ಎನ್ನಬಹುದು. ನಮ್ಮ ಕಡೆ ಎಲ್ಲಕ್ಕೂ ಗೂಡಿಗೂ ಸಂಬಂಧ ಇದ್ದೇ ಇರುತ್ತದೆ. ಬಸ್ಸು ಹತ್ತಿದರೆ ಗೂಡಿನ ಮಾತು, ಇಳಿದರೆ ಗೂಡಿನ ಮಾತು. ಇವತ್ತು ರಾಮನಗರದಲ್ಲಿ ಎಷ್ಟಕ್ಕೆ ಹೋಯಿತು, ಯಾರು ರಾಗಿ ಹೊಲ ಅಳಿಸಿ ಹಿಪ್ಪುನೇರಳೆ ಕಡ್ಡಿ ನೆಟ್ಟರು, ಯಾರ ಮನೆಯಲ್ಲಿ ಹುಳದ ಮನೆಗೆ ಶೀಟು ಬಿತ್ತು. ಲ್ಯಾಬಿನಲ್ಲಿ ಸರ್‌ಗೆ ಕೈಯಾಳಾಗಿದ್ದ ಇಬ್ಬರು ಒಂದೇ ವಾರದಲ್ಲಿ ಕೆಲಸ ಬಿಟ್ಟು ಹುಳ ಸಾಕಲು ಹೋದರು. ಜನ ಸಿಗದೆ, "ಜಯಕ್ಕನ ಅಕ್ಷರ ಚೆನ್ನಾಗೈತೆ, ರಿಜಿಸ್ಟರ್ ಬರೀಲಿ" ಎಂದು ಸರ್ ನನ್ನನ್ನು ಯಂತ್ರದ ಕೋಣೆಗೆ ಕರೆದುಕೊಂಡರು.

ಮೊದಲನೆಯ ದಿನವೇ ಬೈಸಿಕೊಂಡೆ. ಸೀಸೆಯ ಮುಚ್ಚಳವೊಂದು ಉರುಳಿ ಸಿಲಿಂಡರಿನ ಬುಡಕ್ಕೆ ಹೋಯಿತು. ಎತ್ತಿಕೊಳ್ಳಲು ಬಗ್ಗಿದೆ. ಅವರು ನನ್ನ ಗೌನಿನ ತೋಳು ಹಿಡಿದು ಎಳೆದ ರಭಸಕ್ಕೆ ಹೊಲಿಗೆ ಬಿಟ್ಟುಕೊಂಡಿತು.

"ಇಲ್ಲಿ ಬಗ್ಗಬಾರದು. ನನ್ನ ಕೇಳದೆ ಬಗ್ಗಬಾರದು ಅಕ್ಕ." ಅವರ ತುಟಿ ಬಿಳಿಚಿಕೊಂಡಿತ್ತು. ಆಮೇಲೆ ಸಂಕೋಚವಾಗಿ ದನಿ ತಗ್ಗಿಸಿ ಹೇಳಿದರು, "ಸೋಡಾ ಬಾಟ್ಲಿಲಿ ಇರ್ತದಲ್ಲ, ಅದೇ ಗ್ಯಾಸು. ವಾಸನೆ ಇಲ್ಲ, ಬಣ್ಣ ಇಲ್ಲ. ಬೆಕ್ಕಿದ್ದಂಗೆ, ಕಾಲತ್ರನೇ ಸುತ್ತತಾ ಇರ್ತದೆ. ನಿಂತೋರಿಗೆ ಗೊತ್ತಾಗಲ್ಲ. ಬಗ್ಗಿದೋರು ಏಳಲ್ಲ."

ಅವತ್ತಿನಿಂದ ಆ ಕೋಣೆಯಲ್ಲಿ ನನ್ನ ಕಾಲುಗಳ ಮೇಲೇ ನನ್ನ ಗಮನ. ಯಾವುದೋ ಮೈ ಉಜ್ಜಿಕೊಂಡು ಹೋದ ಹಾಗಾಗುತ್ತಿತ್ತು. ಮನೆಯಲ್ಲಿ ಯಜಮಾನರು ಸೋಡಾ ಬಾಟಲಿ ತೆರೆದರೂ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆ.

ಆ ಯಂತ್ರ ಮಾಡುವ ಕೆಲಸ ಹೇಳುವುದಾದರೆ ಇಷ್ಟು. ಸೋಡಾ ಗ್ಯಾಸನ್ನು ಹಿಂಡಿ ಹಿಂಡಿ, ಒಂದಿಷ್ಟು ಬಿಸಿ ಕೊಟ್ಟರೆ ಅದು ಗಾಳಿಯೂ ಅಲ್ಲದ ನೀರೂ ಅಲ್ಲದ ಸ್ಥಿತಿಗೆ ಬರುತ್ತದೆ. ಅದಕ್ಕೆ ಸ್ವಲ್ಪ ಮೆಥನಾಲ್ ಸೇರಿಸಿ, ಔಷಧಿಯ ದ್ರಾವಣದ ಜೊತೆ ಒಂದು ಉಕ್ಕಿನ ಕೊಳವೆಯೊಳಗೆ ನುಗ್ಗಿಸುತ್ತಾರೆ. ಕೊಳವೆಯ ತುಂಬ ಬಿಗಿಯಾಗಿ ತುಂಬಿದ ಬಿಳಿ ಪುಡಿ. ಆ ಕಡೆ ಬರುವಾಗ ಔಷಧಿ ಬೇರೆ, ಕಸ ಬೇರೆ ಆಗಿರುತ್ತದೆ. ಒತ್ತಡ ಬಿಟ್ಟರೆ ಗ್ಯಾಸು ಹಾರಿಹೋಗಿ ಔಷಧಿ ಸೀಸೆಯಲ್ಲಿ ಉಳಿಯುತ್ತದೆ. ಆದರೆ ನಮಗೆ ಬರುತ್ತಿದ್ದ ಸಾಮಾನಿನಲ್ಲಿ ಕಸದ ಕಷ್ಟಕ್ಕಿಂತ ದೊಡ್ಡದೊಂದು ಕಷ್ಟವಿತ್ತು. ಒಂದೇ ಔಷಧಿ ಎರಡು ರೂಪದಲ್ಲಿ ಬೆರೆತಿರುತ್ತಿತ್ತು, ಎಡಗಾಲಿನ ಚಪ್ಪಲಿ ಬಲಗಾಲಿನ ಚಪ್ಪಲಿ ಇದ್ದ ಹಾಗೆ. ತೂಕ ಒಂದೇ, ಬಣ್ಣ ಒಂದೇ, ಕರಗುವುದೂ ಒಂದೇ. ಮೈಯೊಳಗೆ ಹೋದ ಮೇಲೆ ಒಂದು ರೋಗ ವಾಸಿ ಮಾಡಿದರೆ, ಇನ್ನೊಂದು ಏನು ಬೇಕಾದರೂ ಮಾಡಬಹುದು.

"ಒಂದೇ ಥರ ಇದ್ದ ಮೇಲೆ ಯಂತ್ರ ಹೇಗೆ ಬೇರೆ ಮಾಡುತ್ತೆ ಸರ್?" ಎಂದು ಕೇಳಿದ್ದೆ.

ಆ ಪ್ರಶ್ನೆ ಅವರಿಗೆ ಇಷ್ಟವಾಯಿತು. "ಗೂಡಿನ ಮಾರ್ಕೆಟ್ಟಿಗೆ ಅವಳಿ ಜವಳಿ ಇಬ್ರು ಹೋದ್ರು ಅನ್ಕಳಿ. ನೋಡಾಕೆ ಇಬ್ರೂ ಒಂದೇ. ಒಬ್ಬನಿಗೆ ಅಲ್ಲಿ ನೆಂಟ್ರು ಜಾಸ್ತಿ. ಸಿಕ್ದೋರನ್ನೆಲ್ಲ ಮಾತಾಡಿಸ್ಕಂಡು ಬರೋವಷ್ಟೊತ್ಗೆ ಲೇಟಾಯ್ತದೆ. ಇನ್ನೊಬ್ಬ ಸೀದಾ ಆಚೆ ಬಂದ್ಬುಡ್ತಾನೆ. ಆ ಕಡೆ ಬಾಗ್ಲಲ್ಲಿ ನಾವು ಸೀಸೆ ಹಿಡ್ಕಂಡು ನಿಂತಿರ್ತೀವಿ. ಮೊದ್ಲು ಬಂದೋನು ಒಂದು. ಆಮೇಲ್ ಬಂದೋನು ಎರಡು. ಅಷ್ಟೇ ಕಣಕ್ಕ ನಮ್ಮ ವಿದ್ಯೆ."

ಸೀಸೆಗೆ ಹೆಸರು ಇಡುವ ಕ್ರಮ ಅದೇ ಆಗಿತ್ತು. ಮೊದಲು ಬಂದದ್ದು ಒಂದು, ಆಮೇಲೆ ಬಂದದ್ದು ಎರಡು. ಚೀಟಿ ಬರೆದು ಅಂಟಿಸುವವಳು ನಾನು.

ಒಮ್ಮೆ ನನಗೆ ಜ್ವರ ಬಂದು ಕೆಲಸದಲ್ಲೇ ನಡುಗುತ್ತಿದ್ದೆ. ಅವರು ತಮ್ಮ ಬ್ಯಾಗಿನಿಂದ ಮಾತ್ರೆಯ ಪಟ್ಟಿ ತೆಗೆದರು. ಕೊಡುತ್ತಾರೆಂದು ಕೈ ಚಾಚಿದರೆ ಕೊಡಲಿಲ್ಲ, ಪಟ್ಟಿಯ ಹಿಂದುಮುಂದು ತಿರುಗಿಸಿ ನೋಡುತ್ತಾ ನಿಂತುಬಿಟ್ಟರು. "ಇದ್ರ ಸೀಸೆಗೂ ಎಲ್ಲೋ ಯಾರೋ ಒಬ್ರು ಚೀಟಿ ಅಂಟಿಸಿರ್ತಾರೆ ಅಲ್ವಾ ಅಕ್ಕ. ಅವತ್ತು ಅವರ ಮನೇಲಿ ಏನ್ ಜಗಳ ಆಗಿತ್ತೋ, ಏನ್ ಕಥೆಯೋ. ನಾವು ನುಂಗ್ಬುಡ್ತೀವಿ." ಕೊನೆಗೆ ಅವರು ಕೊಟ್ಟ ಮಾತ್ರೆ ನುಂಗಿದ ಮೇಲೆ ನನಗೆ ಜ್ವರಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಸ್ಟೋರಿನಲ್ಲಿ ತಿಪ್ಪಸಂದ್ರದ ಕಡೆಯವನು ಒಬ್ಬನಿದ್ದ, ಗಂಗಾಧರ ಅಂತ. ಅವನಿಗೆ ಸರ್ ಎಂದರೆ ತಮಾಷೆ. "ಸಾರ್ ನೀರು ಕುಡಿಯಾಕೂ ಎರಡು ಸಲ ರೀಡಿಂಗ್ ತಗತಾರೆ" ಎನ್ನುತ್ತಿದ್ದ. ಸರ್ ಅಕ್ಕೂರಿನವರು, ಮನೆಯಲ್ಲಿ ಹುಳ ಸಾಕುತ್ತಿದ್ದರು. ಲ್ಯಾಬಿನ ವಾಸನೆ ಒಂದು ಚೂರು ತಗುಲಿದರೂ ಹುಳ ಸೊಪ್ಪು ಮುಟ್ಟುವುದಿಲ್ಲ, ಸತ್ತೇಹೋದಾವು ಎಂದು, ಮನೆಯ ಹಿತ್ತಿಲಲ್ಲೇ ಸ್ನಾನ ಮಾಡಿ, ಅಲ್ಲೇ ತಂತಿಯ ಮೇಲಿದ್ದ ಬೇರೆ ಬಟ್ಟೆ ಉಟ್ಟು, ಆಮೇಲೆ ಹುಳದ ಮನೆಗೆ ಹೋಗುತ್ತಿದ್ದರು. ಬೆಳಿಗ್ಗೆ ಲ್ಯಾಬಿಗೆ ಹೊರಡುವಾಗಲೂ ಇನ್ನೊಂದು ಸ್ನಾನ. ಹುಳದ ಮನೆಯ ಧೂಳು ಯಂತ್ರಕ್ಕೆ ಹೋಗಬಾರದಲ್ಲ.

"ಎರಡು ಕಡೆಗೂ ಮಡಿ ನಿಮ್ದು. ಪೂಜಾರಿಕೆ ಮಾಡ್ಬುಡಿ ಸಾರ್, ಒಂದೇ ಸ್ನಾನದಲ್ಲಿ ಮುಗಿತದೆ" ಎಂದ ಗಂಗಾಧರ.

"ದೇವ್ರು ತಪ್ಪಾದ್ರೆ ಕ್ಷಮಿಸ್ತಾನೆ ಕಣಯ್ಯ. ಹುಳ ಕ್ಷಮಿಸಲ್ಲ" ಎಂದರು ಸರ್. ನಗಲಿಲ್ಲ.

ಇಂಥವರು ತಪ್ಪಿದ್ದು ಹೇಗೆ ಎಂದು ನನ್ನನ್ನೇ ನಾನು ಎಷ್ಟು ಸಲ ಕೇಳಿಕೊಂಡಿದ್ದೇನೋ.

ಆ ಸಲ ಬಂದಿದ್ದ ಸಾಮಾನು ಹೃದಯಕ್ಕೆ ಸಂಬಂಧಿಸಿದ ಔಷಧಿ. ಮೊದಲು ಒಂದು ಚಿಟಿಕೆಯಷ್ಟನ್ನು ಮೆಥನಾಲ್ ಸೇರಿಸಿ ಓಡಿಸಿ, ಎರಡನ್ನೂ ಬೇರೆ ಮಾಡಿ ಕಳಿಸಿದ್ದೆವು. ಸಾಮಾನು ಕೊಟ್ಟ ಕಸ್ಟಮರು ಪರೀಕ್ಷೆ ಮಾಡಿ, 'ಒಂದನೆಯದು ಬೇಕು, ಎರಡನೆಯದು ಬೇಡ, ಅದು ಹೃದಯದ ಬಡಿತ ಇಳಿಸುತ್ತದೆ' ಎಂದು ಬರೆದರು. ಇನ್ನು ದೊಡ್ಡ ಪ್ರಮಾಣದಲ್ಲಿ ಬೇರೆ ಮಾಡಿ, ಒಂದನೆಯದನ್ನು ಬೆಂಗಳೂರಿನ ಪ್ರಾಣಿ ಪ್ರಯೋಗದ ಕೇಂದ್ರಕ್ಕೆ ಕಳಿಸಬೇಕಿತ್ತು. ಅಲ್ಲಿ ಇಲಿಗಳಿಗೆ ಕೊಟ್ಟು ನೋಡುತ್ತಾರೆ. ಇಲಿಗೆ ಒಗ್ಗದಿದ್ದರೆ ಆ ಔಷಧಿಯ ಕಥೆ ಅಲ್ಲಿಗೆ ಮುಗಿಯಿತು. ಎಲ್ಲೋ ಅದಕ್ಕಾಗಿ ಕಾಯುತ್ತಿರುವ ರೋಗಿಯ ಕಥೆಯೂ.

ಅವತ್ತು ಬೆಳಿಗ್ಗೆ ಗಂಗಾಧರ ಖಾಲಿ ಕೈಯಲ್ಲಿ ಬಂದ. "ಮೆಥನಾಲ್ ಇಲ್ಲ ಸಾರ್. ಪರ್ಮಿಟ್ ಕಾಗದ ಬರೋಗಂಟ ಡ್ರಮ್ಮು ಬರಲ್ಲ. ಇನ್ನೆರಡು ದಿನ." ಕಸ್ಟಮರಿಗೆ ಆತುರ. ಅದೇ ಹೊತ್ತಿಗೆ ಸರ್ ಅವರ ಫೋನು ಬಡಿದುಕೊಂಡಿತು. ಅಕ್ಕೂರಿನಿಂದ ಅವರ ಹೆಂಡತಿ. ಹುಳ ಹಣ್ಣಾಗಲು ಶುರುವಾಗಿದೆ.

ಹುಳ ಸಾಕದವರಿಗೆ ಇದು ತಿಳಿಯಲಿಕ್ಕಿಲ್ಲ. ಸೊಪ್ಪು ತಿಂದು ಬೆಳೆದ ಹುಳ ಗೂಡು ಕಟ್ಟುವ ದಿನ ಬಂದರೆ ಮೈ ಹೊಂಬಣ್ಣಕ್ಕೆ ತಿರುಗುತ್ತದೆ. ಅದನ್ನು ಹಣ್ಣಾಯಿತು ಎನ್ನುತ್ತೇವೆ. ಆಗ ಒಂದೊಂದನ್ನೇ ಆರಿಸಿ ಗೂಡು ಕಟ್ಟುವ ತಟ್ಟಿಯ ಮೇಲೆ ಬಿಡಬೇಕು. ತಡವಾದರೆ ಸಿಕ್ಕ ಸಿಕ್ಕ ಕಡೆ ನೂಲು ಬಿಟ್ಟು ಹಾಳಾಗುತ್ತವೆ. ಒಂದು ತಿಂಗಳ ದುಡಿಮೆ ಒಂದು ದಿನದ ಮೇಲೆ ನಿಂತಿರುತ್ತದೆ. ಆ ವರ್ಷವಂತೂ ಯಾವ ಊರಿನಲ್ಲೂ ಆಳು ಸಿಗುತ್ತಿರಲಿಲ್ಲ, ಎಲ್ಲರ ಮನೆಯಲ್ಲೂ ಹುಳ.

ಸರ್ ಕಿಟಕಿಯ ಹತ್ತಿರ ನಿಂತು ಹೇಳುತ್ತಿದ್ದರು, "ಬತ್ತೀನಿ ಕಣೆ. ಬತ್ತೀನಿ ಅಂದ್ನಲ್ಲ. ನಿಮ್ಮವ್ವನ್ನ ಕರ್ಕೊ ಅಲ್ಲೀಗಂಟ." ಫೋನು ಜೇಬಿಗಿಟ್ಟು, ಕಪಾಟಿನಲ್ಲಿದ್ದ ಐಸೊಪ್ರೊಪನಾಲ್ ಬಾಟಲಿ ನೋಡಿದರು, ಮೆಥನಾಲಿನ ಜಾತಿಯದೇ ಇನ್ನೊಂದು ದ್ರವ. ಅದನ್ನು ಸೇರಿಸಿ ಒಂದು ಸಣ್ಣ ಓಟ ಓಡಿಸಿದರು. ಒಂದೊಂದು ರೂಪ ಹೊರಬಂದಾಗಲೂ ಪರದೆಯ ಗೆರೆ ಗುಡ್ಡದ ಹಾಗೆ ಏಳುತ್ತದೆ. ಎರಡು ಗುಡ್ಡ ಎದ್ದವು, ನಡುವೆ ಒಳ್ಳೆಯ ಬಯಲು. ಮೆಥನಾಲಿಗಿಂತ ಚೆನ್ನಾಗಿಯೇ ಬೇರೆಯಾಗಿದ್ದವು. "ಸಾಕು ಅಕ್ಕ, ಓಡ್ಸಣ" ಎಂದರು. ಅವರ ಬಾಯಲ್ಲಿ ನಾನು 'ಸಾಕು' ಎನ್ನುವ ಮಾತು ಕೇಳಿದ್ದು ಅದೊಂದೇ ಸಲ.

ಎಲ್ಲ ಹೊಂದಿಸಿಟ್ಟು, ಒತ್ತಡ ಎಷ್ಟು ದಾಟಿದರೆ ನಿಲ್ಲಿಸಬೇಕೆಂದು ನನಗೆ ಮೂರು ಸಲ ಹೇಳಿ, ಬೈಕು ಹತ್ತಿ ಹೋದರು. ಯಂತ್ರ ತಾನಾಗಿಯೇ ಸೀಸೆ ತುಂಬಿತು. ನಾನು ಕ್ರಮದಂತೆ ಮೊದಲು ಬಂದದ್ದಕ್ಕೆ ಒಂದು, ಆಮೇಲೆ ಬಂದದ್ದಕ್ಕೆ ಎರಡು ಎಂದು ಚೀಟಿ ಅಂಟಿಸಿದೆ. ರಿಜಿಸ್ಟರಿನಲ್ಲಿ ನನ್ನ ಅಭ್ಯಾಸದಂತೆ ಎಲ್ಲವನ್ನೂ ಬರೆದೆ. ಸೀಸೆಯ ಮುಚ್ಚಳದ ಬಣ್ಣ, ಕರೆಂಟ್ ಹೋಗಿ ಬಂದದ್ದು, 'ಇಂದು ಮೆಥನಾಲ್ ಇಲ್ಲ, ಬದಲಿಗೆ ಐಸೊಪ್ರೊಪನಾಲ್.'

ಎರಡು ರೂಪಗಳಲ್ಲಿ ಯಾವುದು ಯಾವುದೆಂದು ಹೇಳುವ ಇನ್ನೊಂದು ಉಪಕರಣ ಪಕ್ಕದ ಕಟ್ಟಡದಲ್ಲಿತ್ತು. ಅದರಲ್ಲಿ ದ್ರಾವಣವಿಟ್ಟು ಬೆಳಕು ಹಾಯಿಸಿದರೆ ಒಂದು ರೂಪ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ, ಇನ್ನೊಂದು ಎಡಕ್ಕೆ. ಬಲಕ್ಕಾದರೆ ಪ್ಲಸ್, ಎಡಕ್ಕಾದರೆ ಮೈನಸ್. ಅದರ ದೀಪ ಕೆಟ್ಟು ಕೂತಿತ್ತು. ಎರಡು ಪುಟ್ಟ ಸೀಸೆಗಳಲ್ಲಿ ಚಿಟಿಕೆ ಚಿಟಿಕೆ ಹಾಕಿ ನಾನೇ ಅಲ್ಲಿಗೆ ಕೊಟ್ಟು ಬಂದೆ, ದೀಪ ಬಂದ ಮೇಲೆ ನೋಡಿ ಕಳಿಸಲಿ ಎಂದು. ಉಳಿದದ್ದು, ಒಂದು ಎಂದು ಚೀಟಿ ಇದ್ದದ್ದು, ಕಸ್ಟಮರ ಆತುರಕ್ಕೆ ಫಲಿತಾಂಶಕ್ಕೂ ಕಾಯದೆ ಸೀಲಾಗಿ ಬೆಂಗಳೂರಿಗೆ ಹೋಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಆ ಕಟ್ಟಡದಿಂದ ಫಲಿತಾಂಶದ ಕಾಗದ ಬಂತು. ಬಂದ ಹೊತ್ತನ್ನು ಮೇಲೆ ಮುದ್ರೆ ಒತ್ತಿ ಬರೆದಿರುತ್ತಾರೆ. ರಿಜಿಸ್ಟರಿಗೆ ಅಂಟಿಸಲು ನಾನು ಗೋಂದು ತೆಗೆದೆ. ಒಂದನೆಯದರ ಮುಂದೆ ಮೈನಸ್ ಇತ್ತು.

ಹಳೆಯ ಪುಟ ತಿರುವಿದೆ. ಚಿಟಿಕೆಯಷ್ಟು ಮಾಡಿದ್ದಾಗ ಒಂದನೆಯದರ ಮುಂದೆ ಪ್ಲಸ್ ಎಂದು ನನ್ನದೇ ಕೈಬರಹ.

ಪುಟ್ಟ ಸೀಸೆಗಳನ್ನು ಕೊಟ್ಟು ಬಂದವಳು ನಾನು. ಅದಲು ಬದಲು ಮಾಡಿದ್ದೇನೆ, ಇನ್ನೇನು. ಆ ತಿಂಗಳು ನಮ್ಮ ಕಾಂಟ್ರಾಕ್ಟು ಮುಗಿಯುತ್ತಿತ್ತು, ತಪ್ಪು ಮಾಡಿದವರ ಹೆಸರು ಮುಂದುವರಿಸುವುದಿಲ್ಲ ಎಂದು ಹೇಳಿದ್ದರು. ಕಾಗದವನ್ನು ರಿಜಿಸ್ಟರಿನ ನಡುವೆ ಇಟ್ಟು ಮುಚ್ಚಿದೆ. ಸಿಂಕಿನ ಹತ್ತಿರ ಹೋಗಿ, ತೊಳೆದಿಟ್ಟ ಸೀಸೆಗಳನ್ನೇ ಮತ್ತೆ ತೊಳೆಯತೊಡಗಿದೆ.

ಸರ್ ಹತ್ತು ಹೆಜ್ಜೆ ದೂರದಲ್ಲೇ ಇದ್ದರು. ಹೇಳಬಹುದಿತ್ತು. ಎರಡು ಸಲ ಹತ್ತಿರ ಹೋದೆ. ಒಂದು ಸಲ ಅವರು ಒತ್ತಡದ ಅಂಕಿಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಿದ್ದರು, ಇನ್ನೊಂದು ಸಲ ತಲೆಯೆತ್ತಿ "ಏನಕ್ಕ?" ಎಂದರು. ನಾನು "ಟೀ ಬೇಕಾ ಸರ್" ಎಂದೆ. ಮಧ್ಯಾಹ್ನ ಒಟ್ಟಿಗೆ ಕೂತು ಡಬ್ಬಿ ತೆರೆದೆವು. ಅವರ ಮನೆಯಲ್ಲಿ ಗೂಡು ಚೆನ್ನಾಗಿ ಬಂದಿತ್ತು, ಖುಷಿಯಲ್ಲಿದ್ದರು. ಅವರೆಕಾಳಿನ ಸಾರನ್ನು ನನ್ನ ಮುಚ್ಚಳಕ್ಕೂ ಬಗ್ಗಿಸಿದರು. ನಾನು "ಹೊಟ್ಟೆ ಸರಿಯಿಲ್ಲ" ಎಂದು ಡಬ್ಬಿ ಮುಚ್ಚಿದೆ.

ಮೂರು ಗಂಟೆಗೆ ಕಾಗದ ತೆಗೆದುಕೊಂಡು ಹೋಗಿ ಅವರ ಮುಂದಿಟ್ಟೆ. ಅವರು ಮೇಲಿನ ಮುದ್ರೆಯಿಂದ ಓದಲು ಶುರು ಮಾಡಿದರು. ಯಾವ ಕಾಗದವನ್ನಾದರೂ ಅವರು ಹಾಗೇ ಓದುತ್ತಿದ್ದದ್ದು. ಮುದ್ರೆಯ ಹತ್ತಿರ ಕಣ್ಣು ಒಂದು ಕ್ಷಣ ನಿಂತದ್ದನ್ನು ನೋಡಿದೆ. ಆಮೇಲೆ ಕೆಳಗಿಳಿಯಿತು.

"ಪುಟ್ಟ ಸೀಸೆ ಅದಲು ಬದಲಾಗಿರಬಹುದಾ ಅಕ್ಕ?"

"ಇಲ್ಲ ಅನ್ಸುತ್ತೆ ಸರ್."

"ಅನ್ಸೋದು ಬ್ಯಾಡ. ಬರ್ದಿದೀರಾ?"

ಬರೆದಿದ್ದೆ. ಒಂದನೆಯದಕ್ಕೆ ನೀಲಿ ಮುಚ್ಚಳ, ಎರಡನೆಯದಕ್ಕೆ ಬಿಳಿ, ಪಡೆದುಕೊಂಡವರ ಸಹಿ. ಫಲಿತಾಂಶದ ಕಾಗದದಲ್ಲೂ ಹಾಗೇ ಇತ್ತು. ನಾನು ತಪ್ಪಿರಲಿಲ್ಲ. ಉಸಿರು ಬಿಡುವಷ್ಟರಲ್ಲಿ ಅವರ ಬೆರಳು ಪುಟದ ಮೇಲೆ ಹತ್ತಿಕೊಂಡು ಹೋಗಿ ಒಂದು ಸಾಲಿನ ಕೆಳಗೆ ನಿಂತಿತು. 'ಇಂದು ಮೆಥನಾಲ್ ಇಲ್ಲ.'

"ಮಾರ್ಕೆಟ್ಟಲ್ಲಿದ್ದ ಜನನೇ ಬ್ಯಾರೆ ಆದ್ರೆ?" ಎಂದರು, ನನಗಲ್ಲ. "ಇವನ ನೆಂಟ್ರು ಹೋಗಿ ಅವನ ನೆಂಟ್ರು ಬಂದ್ಬುಟ್ರೆ ಅಕ್ಕ? ಮೊದ್ಲು ಬತ್ತಿದ್ದೋನು ಆಮೇಲೆ ಬತ್ತಾನೆ. ಆಮೇಲೆ ಬತ್ತಿದ್ದೋನು ಮೊದ್ಲು."

ಸೇರಿಸುವ ದ್ರವ ಬದಲಾದರೆ ಬರುವ ಸರದಿಯೇ ತಿರುಗಿಬಿಡಬಹುದು. ಅದು ಅವರಿಗೆ ಗೊತ್ತಿದ್ದ ವಿಷಯ, ಬೇರೆಯವರಿಗೆ ಹೇಳಿಕೊಟ್ಟ ವಿಷಯ. ಹುಳ ಹಣ್ಣಾದ ದಿನ ಅದು ತಲೆಗೆ ಹೊಳೆದಿರಲಿಲ್ಲ. ನಾವು ಕ್ರಮ ನೋಡಿ ಹೆಸರಿಟ್ಟಿದ್ದೆವು. ಬೆಂಗಳೂರಿಗೆ ಹೋದದ್ದು ಬೇಕಾದದ್ದೋ, ಹೃದಯದ ಬಡಿತ ಇಳಿಸುವುದೋ.

ಅಷ್ಟರಲ್ಲಿ ಮೆಥನಾಲ್ ಡ್ರಮ್ಮು ಬಂದಿತ್ತು. ಒಂದು ಎಂದು ಕಳಿಸಿದ ಸೀಸೆಯಿಂದ ನಾವು ತೆಗೆದಿಟ್ಟುಕೊಂಡಿದ್ದ ಚೂರನ್ನು ಮೆಥನಾಲ್ ಜೊತೆ ಓಡಿಸಿದರು. ಸರಿಯಾದದ್ದೇ ಆಗಿದ್ದರೆ ನಾಲ್ಕನೆಯ ನಿಮಿಷಕ್ಕೆ ಗುಡ್ಡ ಏಳಬೇಕು. ಇಬ್ಬರೂ ಸ್ಟೂಲಿನ ಮೇಲೆ ಕೂರಲಿಲ್ಲ. ಪರದೆಯ ಮೇಲೆ ಗೆರೆ ನೆಲ ಹಿಡಿದು ಹೋಗುತ್ತಿತ್ತು. ಪಂಪಿನ ಟಕ್ ಟಕ್ ಬಿಟ್ಟರೆ ಸದ್ದಿಲ್ಲ. ಮೂರು ನಿಮಿಷ. ಮೂರೂವರೆ. ಅವರು ಶರಟಿನ ಗುಂಡಿ ಹಿಡಿದುಕೊಂಡಿದ್ದರು. ನಾಲ್ಕು. ಗೆರೆ ಏಳಲಿಲ್ಲ. ನಾಲ್ಕೂವರೆ.

"ಬರ್ನಿಲ್ಲ" ಎಂದರು ಸರ್.

ಆರನೆಯ ನಿಮಿಷಕ್ಕೆ ಗೆರೆ ನೆಟ್ಟಗೆ ಎದ್ದು ನಿಂತಿತು. ಅಷ್ಟು ಚೂಪಾದ, ಅಷ್ಟು ಶುದ್ಧವಾದ ಗುಡ್ಡವನ್ನು ನಾನು ಮತ್ತೆ ನೋಡಿಲ್ಲ. ನೂರಕ್ಕೆ ನೂರು ತಪ್ಪು ಸೀಸೆ.

ಅವರು ಮ್ಯಾನೇಜರ ಕೋಣೆಗೆ ಹೊರಟರು. ರಿಜಿಸ್ಟರು ಹಿಡಿದು ನಾನೂ ಹಿಂದೆ ಹೋದೆ. ಮ್ಯಾನೇಜರು ಕೆಟ್ಟವರಲ್ಲ. ಕೇಳಿಸಿಕೊಂಡರು. "ಇವತ್ತೇ ಯಾಕೆ? ನಾಳೆ ಇನ್ನೊಂದು ಸಲ ಓಡಿಸಿ, ಖಾತ್ರಿ ಮಾಡಿಕೊಂಡು ಹೇಳೋಣ. ಈಗ ಹೇಳಿದರೆ ಕಸ್ಟಮರ್ ಹೋಗ್ತಾರೆ. ನಿಮ್ಮ ಕೆಲಸಾನೂ ನಾನು ಉಳಿಸೋಕಾಗಲ್ಲ" ಎಂದರು.

"ಕೆಲಸ ಹೋಗೋ ಹೆದರಿಕೆ ಐತೆ ಸರ್" ಎಂದರು ಇವರು. "ಇದು ಅದಕ್ಕಿಂತ ಜಾಸ್ತಿ ಐತೆ. ಫೋನ್ ಮಾಡಿ ಸರ್. ನಾನೇ ಮಾತಾಡ್ತೀನಿ."

ಮ್ಯಾನೇಜರು ಫೋನನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವ ಹಾಗೆ ಮಾಡಿದರು. ಬೆಂಗಳೂರಿನ ಕೇಂದ್ರದ ಒಬ್ಬ ಹೆಣ್ಣುಮಗಳು ಎತ್ತಿಕೊಂಡರು. ಸರ್ ಸೀಸೆಯ ನಂಬರು ಹೇಳಿ, ಅದನ್ನು ಮುಟ್ಟಬೇಡಿ ಎಂದರು.

"ಮೊದಲನೆ ಗುಂಪಿಗೆ ಕೊಟ್ಟಾಯ್ತಲ್ಲ ಸರ್. ಎರಡು ಗಂಟೆಗೆ, ಊಟ ಮುಗಿಸಿಕೊಂಡು. ಉಳಿದ ಗುಂಪುಗಳಿಗೆ ಇನ್ನು ಹತ್ತು ನಿಮಿಷಕ್ಕೆ ಕೊಡ್ತಿದ್ವಿ."

"ಹೆಂಗವ್ರೆ?" ಎಂದುಬಿಟ್ಟರು ಸರ್, ಮನುಷ್ಯರನ್ನು ಕೇಳಿದ ಹಾಗೆ.

ಆಕೆ ಹೇಳಿದರು, "ಮಂಕಾಗಿವೆ. ಎರಡು ಏಳ್ತಿಲ್ಲ. ನಾವೇ ನಿಮಗೆ ಬರೀಬೇಕು ಅಂತಿದ್ವಿ, ಈ ಕಾಂಪೌಂಡ್ ಸರಿಯಿಲ್ಲ, ಕೈಬಿಡಿ ಅಂತ."

ಎರಡು ಗಂಟೆ. ಹತ್ತೂವರೆಗೆ ನನ್ನ ಕೈಯಲ್ಲಿದ್ದ ಕಾಗದ. ನಾನು ತೊಳೆದ ಸೀಸೆಗಳನ್ನೇ ತೊಳೆಯುತ್ತಿದ್ದಾಗ ಅಲ್ಲಿ ಸೂಜಿಗೆ ಏರಿಸುತ್ತಿದ್ದರು.

ಫೋನಿಟ್ಟ ಮೇಲೆ ಮ್ಯಾನೇಜರು ಕೇಳಿದರು, "ರಿಸಲ್ಟ್ ಯಾವಾಗ ಬಂತು?"

ಕಾಗದ ಮೇಜಿನ ಮೇಲೇ ಇತ್ತು. ಸರ್ ತಮ್ಮ ಅಂಗೈಯನ್ನು ಅದರ ಮೇಲ್ಭಾಗದ ಮೇಲಿಟ್ಟುಕೊಂಡಿದ್ದರು, ಗಾಳಿಗೆ ಹಾರದ ಹಾಗೆ. ಫ್ಯಾನು ತಿರುಗುತ್ತಿರಲಿಲ್ಲ.

"ನನ್ನ ಕೈಗೆ ಮೂರು ಗಂಟೆಗೆ ಬಂತು ಸರ್."

ಸುಳ್ಳಲ್ಲ. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ವರದಿಯಲ್ಲೂ ಹಾಗೆಯೇ ಬರೆದರು. ದ್ರವ ಬದಲಿಸಿದ್ದು ತಾನು, ಸರದಿ ತಿರುಗಬಹುದೆಂದು ಯೋಚಿಸದೇ ಹೋದದ್ದು ತಾನು, ಫಲಿತಾಂಶ ತನ್ನ ಕೈಗೆ ಬಂದದ್ದು ಮೂರಕ್ಕೆ. ಆ ಸಲ ಸಹಿ ಮಾಡುವಾಗ ಪೆನ್ನು ಎತ್ತಿ ಹಿಡಿಯಲಿಲ್ಲ.

ಸಂಜೆ ಗೇಟಿನ ಹತ್ತಿರ ನಾನು ಬಸ್ಸಿಗೆ ಕಾಯುತ್ತಿದ್ದೆ. ಅವರು ಬೈಕು ತಳ್ಳಿಕೊಂಡು ಬಂದು ನಿಲ್ಲಿಸಿದರು. ಕೇಳುತ್ತಾರೆ, ಈಗ ಕೇಳುತ್ತಾರೆ ಎಂದುಕೊಂಡೆ.

"ಅಕ್ಕ, ಮುಂದಿನ ಸಲ ಊಟಕ್ಕೆ ಮುಂಚೆನೇ ಹೇಳ್ಬುಡ್ರಿ" ಎಂದರು. "ನನಗೆ ಹೆದ್ರಿಕಂಡು ಸುಮ್ಕಿರಬ್ಯಾಡಿ. ನಾನೇ ಹೆದ್ರಪುಕ್ಲ."

ಬೈಕು ಹೊರಟಿತು. ನಾನು ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕನಕಪುರದವರೆಗೂ ಅತ್ತೆ.

ಸರಿಯಾದ ಸೀಸೆಯನ್ನು ಅವರೇ ಮೆಥನಾಲಿನಲ್ಲಿ ಮತ್ತೆ ಮಾಡಿ ಕಳಿಸಿದರು. ಅದು ಇಲಿಗಳಿಗೆ ಒಗ್ಗಿತಂತೆ, ಔಷಧಿ ಮುಂದಿನ ಹಂತಕ್ಕೂ ಹೋಯಿತಂತೆ. ಎಲ್ಲಿಯವರೆಗೆ ಹೋಯಿತೆಂದು ನಮ್ಮಂಥವರಿಗೆ ಯಾರು ಹೇಳುತ್ತಾರೆ. ಅವರನ್ನು ಯಂತ್ರದಿಂದ ತೆಗೆದು ಕಾಗದಪತ್ರದ ಮೇಜಿಗೆ ಹಾಕಿದರು. ಒಂದು ತಿಂಗಳು ಕೂತರು, ಆಮೇಲೆ ಬಿಟ್ಟರು. "ಗೂಡಿಗೆ ಈ ರೇಟಿರೋವಾಗ ಇಲ್ಲೇನ್ ಕೆಲ್ಸ, ಸಾರ್ ಬುದ್ಧಿವಂತ್ರು" ಎಂದ ಗಂಗಾಧರ. ನನ್ನ ಕಾಂಟ್ರಾಕ್ಟು ಮುಂದುವರಿಯಿತು. ಈಗಲೂ ಅದೇ ಕೋಣೆಯಲ್ಲಿದ್ದೇನೆ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಅಕ್ಕೂರಿಗೆ ಹೋದೆ. ಮನೆಯ ಮುಂದೆ ಶಾಮಿಯಾನ, ಜನ. ಅಂಥ ದಿನದಲ್ಲೂ ಹುಳಕ್ಕೆ ಸೊಪ್ಪು ತಪ್ಪಿಸುವ ಹಾಗಿಲ್ಲ. ಅವರ ಹೆಂಡತಿ ಹುಳದ ಮನೆಯಿಂದ ಬಂದು ಕೈಕಾಲು ತೊಳೆದು, ನನ್ನನ್ನು ಹಿತ್ತಿಲ ಜಗಲಿಗೆ ಕರೆದುಕೊಂಡು ಹೋಗಿ ಕೂರಿಸಿದರು. ಸೀರೆಯ ಮೇಲೆ ಸೊಪ್ಪಿನ ಚೂರುಗಳಿದ್ದವು.

"ನೀವೇ ಅಲ್ವಾ ರಿಜಿಸ್ಟರ್ ಬರಿಯೋ ಜಯಕ್ಕ? ಹೇಳೋರು. ನಿಮ್ಮನ್ನ ಒಂದು ಮಾತು ಕೇಳ್ಬೇಕು ಅಂತ ಎಷ್ಟು ದಿನದಿಂದ ಇತ್ತು. ಅವ್ರನ್ನ ಕೇಳಾಕೆ ಧೈರ್ಯ ಬರ್ನಿಲ್ಲ. ಹುಳ ಹಣ್ಣಾಗವೆ ಬನ್ನಿ ಬನ್ನಿ ಅಂತ ಅವತ್ತು ಫೋನ್ ಮಾಡ್ದೋಳು ನಾನು. ಅದ್ರಿಂದ್ಲೇ ಅಲ್ವಾ ಅಲ್ಲಿ ತಪ್ಪಾಗಿದ್ದು, ಕೆಲ್ಸ ಹೋಗಿದ್ದು? ಆಮೇಲ್ ಅವ್ರು ಮೊದ್ಲಿನಂಗೆ ಇರ್ನಿಲ್ಲ. ರಾತ್ರಿ ಎದ್ದು ಕೂತ್ಕಳೋರು. ಆ ಇಲಿಗಳು ಎದ್ವಾ ಅಂತ ಒಂದು ಸಲ ಕೇಳೋದು ಮರ್ತೆ ಕಣೆ, ಅನ್ನೋರು. ನಾನೇ ಅವರನ್ನ ತಿಂದ್ಕಬುಟ್ಟೆ ಅಂತ..."

ಹೌದು ಎಂದೋ, ಬಿಡಿ ಎಂದೋ ತಲೆಯಾಡಿಸಿ ಎದ್ದು ಬರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಶಾಮಿಯಾನದಲ್ಲಿ ಎಲೆ ಹಾಕುವ ಸದ್ದು ಕೇಳುತ್ತಿತ್ತು. ಆ ಕಾಗದ ಬೆಳಿಗ್ಗೆ ಹತ್ತೂವರೆಗೆ ಬಂದಿತ್ತು ಎಂದು ಹೇಳಿದೆ. ನನ್ನ ಕೈಯಲ್ಲೇ ಇತ್ತು, ಹೆದರಿ ಮುಚ್ಚಿಟ್ಟೆ, ಮೂರು ಗಂಟೆಗೆ ಕೊಟ್ಟೆ ಎಂದೆ. ಹತ್ತೂವರೆಗೇ ಕೊಟ್ಟಿದ್ದರೆ ಒಂದು ಇಲಿಗೂ ಸೂಜಿ ಬೀಳುತ್ತಿರಲಿಲ್ಲ, ಸೀಸೆ ವಾಪಸು ಬರುತ್ತಿತ್ತು, ಕೆಲಸವೂ ಉಳಿಯುತ್ತಿತ್ತೇನೋ ಎಂದೆ. ಅವರು ಅಂಗೈ ಇಟ್ಟು ಮುದ್ರೆ ಮುಚ್ಚಿದ್ದನ್ನೂ ಹೇಳಿದೆ.

ಆಕೆ ನನ್ನ ಮುಖ ನೋಡಲಿಲ್ಲ. ಸೀರೆಗೆ ಅಂಟಿದ್ದ ಸೊಪ್ಪಿನ ಚೂರುಗಳನ್ನು ಒಂದೊಂದಾಗಿ ತೆಗೆದು ಮುಷ್ಟಿಯಲ್ಲಿಟ್ಟುಕೊಳ್ಳುತ್ತಿದ್ದರು. ಬೈಯಲಿ ಎಂದು ಕಾದೆ. ಕೊನೆಗೆ ಮುಷ್ಟಿ ಬಿಚ್ಚಿ ಚೂರುಗಳನ್ನು ಅಂಗಳಕ್ಕೆ ಎಸೆದರು.

"ಅಂಗಾರೆ ಅಕ್ಕ," ಎಂದರು, "ನಾವು ಮೂರು ಜನಾನೂ ಇಷ್ಟು ದಿನ ಒಬ್ಬೊಬ್ರೇ ಹೆದ್ರಿಕಂಡು ಕುಂತಿದ್ವಿ ಅನ್ನಿ."